ಎಫ್2 ಒತ್ತಿದರೆ ಬಿಲ್ ಬರಬೇಕು, ಅಷ್ಟೇ

ಕೋಲಾರ ಎಪಿಎಂಸಿಯ ಒಂದು ಟೊಮೆಟೊ ಮಂಡಿ. ಲಿನಕ್ಸ್ ಸರ್ವರ್ ಮೇಲೆ ಹಳೇ ಬಿಲ್ಲಿಂಗ್ ಪ್ರೋಗ್ರಾಮ್, ಕಪ್ಪು ಪರದೆ. ಸರ್ವರ್ ಮುಂದೆಯೇ ಕೂತರೆ ಎಲ್ಲ ಕೀ ಸರಿ. ವಿಂಡೋಸ್‌ನಿಂದ ಪುಟ್ಟಿಯಲ್ಲಿ (ದೂರದಿಂದ ಸರ್ವರ್‌ಗೆ ಸೇರಿಸುವ ಪ್ರೋಗ್ರಾಮ್) ಬಂದರೆ ಎಫ್5ರಿಂದ ಆಚೆಯವು ನಡೆಯುತ್ತವೆ, ಎಫ್1ರಿಂದ ಎಫ್4 ಸತ್ತ ಹಾಗೆ. ಹೊಸ ಬಿಲ್ ತೆಗೆಯೋದೇ ಎಫ್2ನಲ್ಲಿ!

"ಇದನ್ನ ಬಿಟ್ಟಾಕಿ ಸಾರ್, ಹೊಸದು ಹಾಕಿಸಿ" ಅಂದವರೇ ಎಲ್ಲ. ಕೊಟೇಶನ್ ಎಪ್ಪತ್ತು ಸಾವಿರದ ಹತ್ತಿರ. ಅದಕ್ಕೂ ಮೊದಲು ಸುಮ್ನೆ ಎರಡು ಕೀಬೋರ್ಡ್ ಬದಲಾಯಿಸಿ ಸಾವಿರ ರೂಪಾಯಿ ಕಳೆದಿದ್ದರು. ಇನ್ನೊಬ್ಬರು ಬಂದು ಟರ್ಮ್ ಅನ್ನು, ಅಂದರೆ ಎದುರಿಗಿರುವುದು ಯಾವ ಬಗೆಯ ಟರ್ಮಿನಲ್ ಅಂತ ಪ್ರೋಗ್ರಾಮ್‌ಗೆ ಹೇಳುವ ಸೆಟ್ಟಿಂಗನ್ನು, ವಿಟಿ100 ಮಾಡಿಹೋದರು. ನಡೆಯುತ್ತಿದ್ದ ಎಫ್5 ಕೂಡ ಹೋಯಿತು. 1978ರ ಆ ಟರ್ಮಿನಲ್‌ನಲ್ಲಿ ಇದ್ದದ್ದೇ ನಾಲ್ಕು ಪಿಎಫ್ (ಫಂಕ್ಷನ್) ಕೀ, ಅಲ್ವಾ?

ನಾನು ಟರ್ಮ್ ಅನ್ನು ಮೊದಲಿದ್ದ ಎಕ್ಸ್‌ಟರ್ಮ್‌ಗೇ ವಾಪಸ್ ತಂದೆ. ಕೀ ಏನು ಕಳಿಸುತ್ತದೆ ಅಂತ ತೋರಿಸುವ ಕ್ಯಾಟ್ -ವಿ ಕಮಾಂಡ್ ಹಾಕಿ ಎಫ್2 ಒತ್ತಿದೆ. ಪರದೆ ಮೇಲೆ ^[[12~ ಬಂತು (ಮೊದಲ ^[ ಅಂದರೆ ಎಸ್ಕೇಪ್). ಟರ್ಮಿನಲ್‌ನ ಕೀ ಸಂಕೇತಗಳ ಪಟ್ಟಿ ಕೊಡುವ ಇನ್ಫೋಕಂಪ್ ನೋಡಿದರೆ ಪ್ರೋಗ್ರಾಮ್ ಕಾಯುತ್ತಿರುವುದು ಎಸ್ಕೇಪ್, ಓ, ಕ್ಯೂ. ಎರಡಕ್ಕೂ ತಾಳೆಯೇ ಇಲ್ಲ. ಪುಟ್ಟಿಯ ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಎಕ್ಸ್‌ಟರ್ಮ್ ಆರ್6 ಆರಿಸಿ ಸೆಷನ್ ಸೇವ್ ಮಾಡಿದೆ. ಎಫ್2 ಒತ್ತಿದೆ, ಬಿಲ್ ತೆರೆಯಿತು. ಮಾಲೀಕರು ಎರಡು ಸಲ ಒತ್ತಿಸಿ ನೋಡಿದರು.

ಬ್ಯಾಕ್‌ಸ್ಪೇಸ್ ಒತ್ತಿದರೂ ಅಕ್ಷರ ಅಳಿಯುತ್ತಿರಲಿಲ್ಲ, ಅದು ಸುಲಭ. ಪುಟ್ಟಿ 127 ಅನ್ನೋ ಸಂಕೇತ ಕಳಿಸುತ್ತಿತ್ತು, ಲಾಗಿನ್ ಆದಾಗ ಓಡುವ ಪ್ರೊಫೈಲ್ ಫೈಲ್‌ನಲ್ಲಿ ಯಾರೋ ಇರೇಸ್ (ಅಳಿಸುವ ಕೀ) ಅನ್ನು ಕಂಟ್ರೋಲ್-ಎಚ್ ಮಾಡಿಟ್ಟಿದ್ದರು. ಆ ಸಾಲು ತೆಗೆದೆ.

ಜಾಸ್ತಿ ಕಾಟ ಕೊಟ್ಟದ್ದು ಕಂಟ್ರೋಲ್-ಎಸ್. ಬಿಲ್ ಬರೆಯುವ ಹುಡುಗನಿಗೆ ಎಕ್ಸೆಲ್ ಅಭ್ಯಾಸ, ಸೇವ್ ಆಗಲಿ ಅಂತ ಒತ್ತುತ್ತಿದ್ದ. ಟರ್ಮಿನಲ್‌ನಲ್ಲಿ ಅದಕ್ಕೆ 'ನಿಲ್ಲಿಸು' ಅಂತ ಅರ್ಥ, ಪರದೆ ಅಲ್ಲೇ ನಿಲ್ಲುತ್ತಿತ್ತು. ಮತ್ತೆ ಓಡಿಸುವ ಕಂಟ್ರೋಲ್-ಕ್ಯೂ ಯಾರಿಗೆ ಗೊತ್ತು? ಹರಾಜಿನ ಗಲಾಟೆಯಲ್ಲಿ ಸ್ವಿಚ್ಚೇ ಆಫ್ ಮಾಡುತ್ತಿದ್ದರು. ಈ ನಿಲ್ಲಿಸುವ ಅಭ್ಯಾಸವನ್ನೇ ಬಂದ್ ಮಾಡುವ ಎಸ್‌ಟಿಟಿವೈ -ಇಕ್ಸಾನ್ ಕಮಾಂಡ್ ಹಾಕಿದ ಮೇಲೆ ಆ ಗೋಳು ಇಲ್ಲ. ಬಾಕ್ಸ್ ಲೆಕ್ಕಕ್ಕೆ ನಂಬರ್ ಪ್ಯಾಡ್ ಬೇಕಲ್ಲ, ಪುಟ್ಟಿಯಲ್ಲಿ ಅಂಕಿಯ ಬದಲು ಬೇರೆ ಸಂಕೇತ ಕಳಿಸುವ ಅಪ್ಲಿಕೇಶನ್ ಕೀಪ್ಯಾಡ್ ಮೋಡ್ ಕೂಡ ಬಂದ್ ಮಾಡಿದೆ.

ಆಮೇಲೆ ಸುಮ್ನೆ ಇರದೆ ಎಸ್ಕೇಪ್ ಕೀ ಹಿಂದೆ ಬಿದ್ದೆ. ಒತ್ತಿದರೆ ಒಂದು ಸೆಕೆಂಡ್ ತಡ. ಪ್ರೋಗ್ರಾಮ್‌ನ ಪರದೆ, ಕೀ ನೋಡಿಕೊಳ್ಳುವ ಎನ್‌ಕರ್ಸಸ್ ಲೈಬ್ರರಿ ಹಿಂದೆ ಇನ್ನೇನಾದರೂ ಬರುತ್ತಾ ಅಂತ 1000 ಮಿಲಿಸೆಕೆಂಡ್ ಕಾಯುತ್ತದೆ, ಯಾಕಂದರೆ ಬಾಣದ ಕೀಗಳೂ ಎಸ್ಕೇಪ್‌ನಿಂದಲೇ ಶುರು. ಆ ಕಾಯುವ ಸಮಯ, ಅಂದರೆ ಎಸ್ಕ್‌ಡಿಲೇ, 25 ಮಾಡಿದೆ. ಆಫೀಸಿನಲ್ಲಿ ಬೆಣ್ಣೆ ಹಾಗೆ ಓಡಿತು. ಹಿಂದಿನ ಶೆಡ್ಡಿನ ವೈಫೈಯಲ್ಲಿ ಬಾಣ ಒತ್ತಿದರೆ ಎಸ್ಕೇಪ್ ಒಂದೇ ಮೊದಲು ಮುಟ್ಟಿ ಬಿಲ್ಲೇ ಕ್ಯಾನ್ಸಲ್. ಎರಡರ ಮಧ್ಯೆ ಒಂದು ಅಂಕಿಗೆ ನಿಲ್ಲಿಸಿದ್ದೇನೆ. ಅದು ಎಷ್ಟು ಅಂತ ಇಲ್ಲಿ ಬರೆಯಲ್ಲ, ಪಕ್ಕದ ಮಂಡಿಯವರೂ ಕರೆಯುತ್ತಿದ್ದಾರೆ. ಇವರಿಂದ ತಗೊಂಡದ್ದು ಮೂರು ಸಾವಿರ ಚಿಲ್ಲರೆ. ಅವರಿಗೆ ರೇಟು ಸ್ವಲ್ಪ ಜಾಸ್ತಿ.