ಪಂಚಾಂಗ ನೋಡಿ ಕೋಣೆ ಹಿಡಿಯಿರಿ: ವೆಂಗುರ್ಲಾ ಕಡಲತಡಿಯಲ್ಲಿ ನನ್ನ ಅನುಭವ

ಬೆಳಗಾವಿ ಕಡೆಯವರಿಗೆ ಸಮುದ್ರ ಅಂದರೆ ಗೋವಾ. ಗದ್ದಲ ಬೇಡ, ಕೋಣೆ ಬಾಡಿಗೆಗೆ ಕೊಡುವ ಮನೆಯವರೇ ಮಾಡಿದ ನ್ಯಾರಿ (ಬೆಳಗಿನ ತಿಂಡಿ) ತಿಂದು ಎರಡು ದಿನ ಆರಾಮಾಗಿ ಇರಬೇಕು ಅನ್ನುವವರಿಗೆ ನಾನು ಹೇಳುವುದು ಮಹಾರಾಷ್ಟ್ರದ ಕೊಂಕಣದ ವೆಂಗುರ್ಲಾ. ಹಿಂಡಲಗಾ, ಶಿನೋಳಿ ದಾಟಿ, ಆಂಬೋಲಿ ಘಾಟ್ ಇಳಿದು ಸಾವಂತವಾಡಿ ಮೇಲೆ ಹೋದರೆ ಸುಮಾರು 125 ಕಿ.ಮೀ. ಕಾರಿಗೆ ಮೂರೂವರೆ ತಾಸು ಹಿಡಿಯಿರಿ. ಬಾಗಲಕೋಟೆ, ವಿಜಯಪುರದವರು ನಸುಕಿನಲ್ಲೇ ಹೊರಡಬೇಕು; ಮಂಜು ಕವಿಯುವ ಆ ಘಾಟನ್ನು ಕತ್ತಲಲ್ಲಿ ಇಳಿಯುವುದು ಬೇಡ. ಸಾಗರೇಶ್ವರ, ಮೋಚೆಮಾಡ, ಶಿರೋಡಾದ ವೆಳಾಗರ್, ಉತ್ತರಕ್ಕೆ ನಿವತಿ, ಭೋಗವೆ, ಇವೆಲ್ಲ ಶಾಂತವಾದ ದಂಡೆಗಳು.

ದಿನ ಗೊತ್ತು ಮಾಡುವ ಮೊದಲು ತಿಥಿ ನೋಡಿ, ಕಡಲ ನೀರು ಏರಿಳಿಯುವ ಹೊತ್ತು ಅದರಿಂದ ತಿಳಿಯುತ್ತದೆ. ಕೊಂಕಣದ ಮೀನುಗಾರರ ಲೆಕ್ಕ ಸರಳ: ತಿಥಿಯ ಸಂಖ್ಯೆಯನ್ನು ಮುಕ್ಕಾಲು ಪಟ್ಟು ಮಾಡಿದರೆ ಭರತದ, ಅಂದರೆ ನೀರು ಪೂರ್ತಿ ಏರುವ, ಹೊತ್ತು ಸಿಗುತ್ತದೆ. ಚೌತಿಗೆ ಮೂರು ಗಂಟೆ, ಅಷ್ಟಮಿಗೆ ಆರು, ಹುಣ್ಣಿಮೆ-ಅಮಾವಾಸ್ಯೆಗೆ ಹನ್ನೊಂದು ಕಾಲು. ಇದು ಮುಂಬೈ ಕಡೆಗೆ ಸರಿಹೊಂದುವ ಲೆಕ್ಕ. ವೆಂಗುರ್ಲಾದಲ್ಲಿ ನೀರು ಸ್ವಲ್ಪ ಮುಂಚೆಯೇ ಏರುತ್ತದೆ, ಒಂದು ತಾಸಿನ ಹೆಚ್ಚುಕಡಿಮೆ ಇಟ್ಟುಕೊಳ್ಳಿ. ಭರತವಾಗಿ ಆರು ತಾಸಿಗೆ ಇಳಿತ. ಹಾಗಾಗಿ ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ಬೆಳಿಗ್ಗೆ ಮತ್ತು ಸಂಜೆ ಐದರ ಸುಮಾರಿಗೆ ನೀರು ದೂರ ಸರಿದು, ನಡೆಯಲು ಗಟ್ಟಿಯಾದ ಅಗಲ ದಂಡೆ ಸಿಗುತ್ತದೆ. ಅಷ್ಟಮಿಯ ಸಂಜೆ ಅದೇ ದಂಡೆ ಕಿರಿದು, ಕಾಲು ಹೂಳುವ ಮೆತ್ತನೆ ಮರಳು. ಮಕ್ಕಳು, ಮಂಡಿನೋವಿನ ಹಿರಿಯರು ಜೊತೆಗಿದ್ದರೆ ಈ ವ್ಯತ್ಯಾಸ ದೊಡ್ಡದು. ನೀರು ಇಳಿಯುವ ಹೊತ್ತಿಗೆ, ಅದರಲ್ಲೂ ಖಾಡಿಯ (ಹೊಳೆ ಕಡಲು ಸೇರುವ ಹಿನ್ನೀರಿನ) ಬಾಯಿಯ ಹತ್ತಿರ, ಈಜಲು ಇಳಿಯಬಾರದು; ಸೆಳೆತ ಕಡಲೊಳಕ್ಕೆ ಎಳೆಯುತ್ತದೆ. ಸಿಕ್ಕಿಬಿದ್ದರೆ ದಡದತ್ತ ನೇರವಾಗಿ ಹೋರಾಡದೆ ದಂಡೆಗುಂಟ ಅಡ್ಡ ಈಜಿ ಹೊರಬರಬೇಕು.

ಕಡಲಿಗೆ ಮುಖ ಮಾಡಿದ ಕೋಣೆಗೆ ಹೆಚ್ಚು ಬಾಡಿಗೆ ಕೊಡುವುದು ನನಗೆ ಒಪ್ಪಿಗೆಯಿಲ್ಲ. ಉಪ್ಪುಗಾಳಿಗೆ ಅಲ್ಲಿ ಗಾದಿ, ದಿಂಬು ಸದಾ ತೇವ. ಗಾಳಿಮರದ ಸಾಲಿನ ಹಿಂದೆ, ತೆಂಗಿನ ತೋಟದೊಳಗಿನ ಮನೆ ವಾಸಿ. ಅಲೆಯ ಸಪ್ಪಳವಂತೂ ಅಲ್ಲಿಗೂ ಕೇಳುತ್ತದೆ. ಸೊಳ್ಳೆಪರದೆ ಇದೆಯೇ, ಕರೆಂಟು ಹೋದರೆ ಇನ್ವರ್ಟರ್‌ಗೆ ಫ್ಯಾನ್ ತಿರುಗುತ್ತದೆಯೇ ಎಂದು ಫೋನಿನಲ್ಲೇ ಕೇಳಿ. ಹೋದ ಮೇಲೆ ದಿಂಬನ್ನು ಒತ್ತಿ ಮೂಸಿ ನೋಡಿ, ಮುಗ್ಗು ವಾಸನೆ ಬಂದರೆ ಬೆಳಕಿರುವಾಗಲೇ ಬದಲಿಸಿ ಕೊಡಲು ಹೇಳಿ.

ನೀರಿನ ವಿಷಯ ಬೇಸಿಗೆಯಲ್ಲಿ ಬೇರೆಯೇ. ದಂಡೆಯ ಬಾವಿಗಳಲ್ಲಿ ಸಿಹಿನೀರು ಹಗುರಾದ್ದರಿಂದ ಉಪ್ಪುನೀರಿನ ಮೇಲೆ ನಿಂತಿರುತ್ತದೆ. ಮಳೆ ಇಲ್ಲದೆ, ಪಂಪಿನಿಂದ ಎತ್ತುತ್ತಾ ಹೋದರೆ ಕೆಳಗಿನ ಉಪ್ಪು ಮೇಲೇರುತ್ತದೆ. ಆಗ ಸಾಬೂನು ನೊರೆ ಬರುವುದಿಲ್ಲ, ಚಹಾಕ್ಕೂ ತುಸು ಉಪ್ಪು ರುಚಿ. ಮಾರ್ಚ್ ನಂತರ ಹೋಗುವವರು 20 ಲೀಟರಿನ ಕುಡಿಯುವ ನೀರಿನ ಕ್ಯಾನ್ ಜೊತೆಗಿಟ್ಟುಕೊಳ್ಳಲಿ. ನವೆಂಬರಿನಿಂದ ಫೆಬ್ರವರಿ ಉತ್ತಮ ಕಾಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ತಾಜಾ ಮೀನಿಗಾಗಿ ಹೋಗುವವರಿಗೆ ಆ ದಿನಗಳು ಸಲ್ಲ.

ನ್ಯಾರಿಗೆ ಸಾಮಾನ್ಯವಾಗಿ ಘಾವನ್ ಅಥವಾ ಆಂಬೋಳಿ, ಎರಡೂ ಅಕ್ಕಿಯ ದೋಸೆಗಳೇ. ಘಾವನ್‌ಗೆ ನೆನೆಸಿದ ಅಕ್ಕಿಯನ್ನು ನುಣ್ಣಗೆ ರುಬ್ಬಿ, ಹುಳಿ ಬರಿಸದೆ, ನೀರಾದ ಹಿಟ್ಟನ್ನು ಕಾದ ಹಂಚಿನ ಅಂಚಿನಿಂದ ಒಳಕ್ಕೆ ಹುಯ್ಯುತ್ತಾರೆ. ಹಂಚು ಸಾಕಷ್ಟು ಕಾಯದಿದ್ದರೆ ತೂತು ಬೀಳದೆ ಅಂಟಿಕೊಳ್ಳುತ್ತದೆ. ಆಂಬೋಳಿ ದಪ್ಪ. ಉದ್ದು, ಮೆಂತ್ಯ ಸೇರಿಸಿ ರಾತ್ರಿಯಿಡೀ ಹುಳಿ ಬರಿಸಿದ ಹಿಟ್ಟು. ಜೊತೆಗೆ ಕರಿ ವಟಾಣಿಯ ಉಸಳಿ (ಕಾಳಿನ ಪಲ್ಯ). ವಟಾಣಿಯನ್ನೂ ಹಿಂದಿನ ದಿನವೇ ನೆನೆಹಾಕಬೇಕು, ಆದ್ದರಿಂದ ಎಷ್ಟು ಜನ ತಿನ್ನುತ್ತೀರಿ ಎಂದು ಮಧ್ಯಾಹ್ನದೊಳಗೆ ಹೇಳಿಬಿಡಿ. ರಾತ್ರಿ ಊಟಕ್ಕೂ ಮೊದಲೇ ಹೇಳಬೇಕು, ಹತ್ತಿರದಲ್ಲಿ ಖಾನಾವಳಿ ಇರುವುದಿಲ್ಲ. ಸಸ್ಯಾಹಾರಿಗಳು ಪಾತ್ರೆ, ಹಂಚು ಬೇರೆ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಆ ಮನೆಯವರು ಬೇಸರ ಮಾಡಿಕೊಳ್ಳುವುದಿಲ್ಲ. ಖಡಕ್ ರೊಟ್ಟಿ ಒಯ್ಯುವುದಾದರೆ ಗಾಳಿಯಾಡದ ಡಬ್ಬಿಯಲ್ಲಿ ಒಯ್ಯಿರಿ, ಹೊರಗಿಟ್ಟರೆ ಸಂಜೆಗೇ ಮೆತ್ತಗಾಗುತ್ತದೆ.

ಟರ್ಕಿ ಟಾವೆಲ್ ಅಲ್ಲಿ ಒಣಗುವುದಿಲ್ಲ. ತಲೆಗೆರಡರಂತೆ ತೆಳು ಪಂಜೆ ಸಾಕು. ನೆಟ್‌ವರ್ಕ್ ಕೈಕೊಡುವುದರಿಂದ ಬಾಡಿಗೆಗೆ ನಗದು ಇರಲಿ. ಗಾಡಿಯನ್ನು ಮರಳಿಗೆ ಇಳಿಸಬೇಡಿ, ಊರಿಗೆ ಬಂದ ಕೂಡಲೇ ಅದರ ಅಡಿಭಾಗಕ್ಕೆ ಸಿಹಿನೀರು ಹೊಡೆಸಿ.