ಕ್ಯಾಲಿಫೋರ್ನಿಯಾಕ್ಕೆ ಹೊರಟ ನಮ್ಮ ಕಲಬುರಗಿ ಮಂದಿಗೆ, ಕಾಳ್ಗಿಚ್ಚಿನ ಬಗ್ಗೆ

ಈ ಸಲ ರಜೆಗೆ ಕಲಬುರಗಿಗೆ ಬಂದಾಗ, ಕ್ಯಾಲಿಫೋರ್ನಿಯಾಕ್ಕೆ ಹೊರಟ ಮೂರು ಮನೆಯವರು ಸಿಕ್ಕರು. ವೀಸಾ, ಬಾಡಿಗೆ, ಮಕ್ಕಳ ಶಾಲೆ ಎಲ್ಲಾ ಕೇಳಿದರು. ಬೆಂಕಿಯ ಮಾತು ನಾನೇ ತೆಗೆದೆ. "ನಮಗೇನ್ರಿ, ನಲವತ್ನಾಲ್ಕು ಡಿಗ್ರಿಯೊಳಗ ಬೆಳದವರು" ಅಂದರು. ಬಿಸಿಲು ತಾಳುವುದು ಬೇರೆ, ಬೆಂಕಿಯಿಂದ ಪಾರಾಗುವುದು ಬೇರೆ. ಹದಿನಾಲ್ಕು ವರ್ಷ ಅಲ್ಲಿದ್ದು ನಾನು ಕಲಿತದ್ದನ್ನು ಇಲ್ಲಿ ಬರೆದಿಡುತ್ತೇನೆ.

ನಮ್ಮ ಕಡೆ ಕಣಕಿ ಬಣಮಿಯನ್ನು ಮನೆಗೆ ತಾಗಿಸಿ ಒಟ್ಟುವುದಿಲ್ಲ. ಯಾರದೋ ಹೊಲದಲ್ಲಿ ಕಸ ಸುಟ್ಟ ಕಿಡಿ ಗಾಳಿಗೆ ಹಾರಿ ಬಂದರೆ ಬಣಮಿ ಜೊತೆ ಮನೆಯೂ ಹೋಗುತ್ತದೆಂದು ಹಿರಿಯರಿಗೆ ಗೊತ್ತು. ಅಲ್ಲಿಯೂ ಅದೇ ಲೆಕ್ಕ. ಎದುರಿಗೆ ಬರುವ ಉರಿಗಿಂತ, ಮೈಲಿಗಟ್ಟಲೆ ಹಾರಿ ಬಂದು ಬೀಳುವ ಕೆಂಡಕ್ಕೇ ಹೆಚ್ಚು ಮನೆ ಹೊತ್ತುತ್ತವೆ. ಮನೆಗಳೂ ಕಟ್ಟಿಗೆಯವು, ಶಹಾಬಾದ್ ಕಲ್ಲಿನವಲ್ಲ.

ಹಾಗಾಗಿ ಗೋಡೆಯಿಂದ ಮೊದಲ 5 ಅಡಿಯೊಳಗೆ ಹೊತ್ತುವಂಥದ್ದು ಏನೂ ಇರಬಾರದು. ನಮ್ಮವರ ಮನೆಬಾಗಿಲಲ್ಲಿ ನಾನು ಮೊದಲು ನೋಡುವುದು ಯುಗಾದಿಗೆ ಕಟ್ಟಿ ಬಿಟ್ಟ ಮಾವಿನ ತೋರಣ. ಸೆಪ್ಟೆಂಬರ್ ಹೊತ್ತಿಗೆ ಅದು ಮುಟ್ಟಿದರೆ ಪುಡಿಯಾಗುತ್ತದೆ. ಕೆಳಗೆ ತೆಂಗಿನ ನಾರಿನ ಮ್ಯಾಟು, ಪಕ್ಕದಲ್ಲಿ ಅಮೆಜಾನ್ ರಟ್ಟಿನ ಡಬ್ಬಿ. ಒಂದು ಕೆಂಡ ಸಾಕು. ಹಬ್ಬ ಮುಗಿದ ವಾರದಲ್ಲೇ ತೋರಣ ಇಳಿಸಿರಿ. ಮಳೆನೀರಿನ ದೋಣಿಯೊಳಗಿನ ಒಣ ಎಲೆ ತೆಗೆಯಿರಿ. ಗಾಳಿಕಿಂಡಿಗೆ 1/8 ಇಂಚಿಗಿಂತ ದೊಡ್ಡ ಕಣ್ಣಿಲ್ಲದ ಲೋಹದ ಜಾಳಿಗೆ ಹಾಕಿಸಿರಿ. ಗುಡ್ಡದ ಕಡೆ ಸ್ವಂತ ಮನೆ ಕೊಂಡರೆ 100 ಅಡಿವರೆಗೆ ಹುಲ್ಲು, ಪೊದೆ ಸವರುವುದೂ ನಿಮ್ಮದೇ ಹೊಣೆ. ಆ ಕೆಲಸ ಬೆಳಿಗ್ಗೆ ಹತ್ತರೊಳಗೆ ಮುಗಿಯಲಿ. ಬಿಸಿಲೇರಿದ ಮೇಲೆ ಹುಲ್ಲು ಕತ್ತರಿಸುವ ಯಂತ್ರದ ಅಲಗು ಕಲ್ಲಿಗೆ ತಾಗಿದ ಕಿಡಿಯೇ ಊರು ಸುಡಬಲ್ಲದು. 2018ರಲ್ಲಿ ರೆಡಿಂಗ್ ಊರಿನ ಹತ್ತಿರ "ಕಾರ್" (Carr) ಎಂಬ ಹೆಸರಿನ ಕಾಳ್ಗಿಚ್ಚು ಹೊತ್ತಿದ್ದು, ಟೈರು ಒಡೆದ ಗಾಡಿಯ ರಿಮ್ಮು ರಸ್ತೆಗೆ ಉಜ್ಜಿ.

ಅಕ್ಟೋಬರ್ ದಾಟಿದರೆ ಭಯವಿಲ್ಲ ಎಂಬ ಮಾತನ್ನು ನಂಬಬೇಡಿರಿ. 2025ರ ಜನವರಿ 7ರಂದು, ಮಳೆ ಬೀಳಬೇಕಾದ ಕಾಲದಲ್ಲಿ, ಲಾಸ್ ಏಂಜಲೀಸ್ ಹೊತ್ತಿತು. ಹಿಂದಿನ ಎರಡು ಚಳಿಗಾಲದಲ್ಲಿ ಚೆನ್ನಾಗಿ ಮಳೆಯಾಗಿ ಪೊದೆ ದಟ್ಟವಾಗಿತ್ತು. ಆಮೇಲೆ ತಿಂಗಳುಗಟ್ಟಲೆ ಮಳೆಯೇ ಇಲ್ಲ, ಬಿಸಿಯೇರಿದ ಹವೆ ಗಿಡದ ಪಸೆಯನ್ನೆಲ್ಲ ಹೀರಿತ್ತು. ಗಾಳಿ ಎದ್ದಾಗ ಸುಡಲು ಎಲ್ಲಾ ಸಿದ್ಧವಿತ್ತು. "ರೆಡ್ ಫ್ಲಾಗ್ ವಾರ್ನಿಂಗ್" ಅಂದರೆ ಅಂಥ ಒಣಗಾಳಿಯ ದಿನ. ಅಂದು ಹೊರಗೆ ಒಲೆ, ಹೋಮ, ಪಟಾಕಿ ಯಾವುದೂ ಬೇಡ.

ಹೊಸ ಸಿಮ್ ಬಂದ ದಿನವೇ ಆ ನಂಬರನ್ನು ನಿಮ್ಮ ಕೌಂಟಿಯ (ನಮ್ಮ ಜಿಲ್ಲೆ ಇದ್ದಂತೆ) ತುರ್ತು ಸಂದೇಶಕ್ಕೆ ನೋಂದಾಯಿಸಿ, ಬೆಂಕಿ ಎಲ್ಲಿದೆ ಎಂದು ತಿಳಿಸುವ ವಾಚ್ ಡ್ಯೂಟಿ ಆ್ಯಪ್ ಹಾಕಿಕೊಳ್ಳಿರಿ. "ಇವ್ಯಾಕ್ಯುಯೇಶನ್ ಆರ್ಡರ್" ಅಂದರೆ ಆ ಕ್ಷಣವೇ ಹೊರಡಬೇಕು. "ಇವ್ಯಾಕ್ಯುಯೇಶನ್ ವಾರ್ನಿಂಗ್" ಅಂದರೆ ತಯಾರಾಗಿರಿ ಅಂತ. ಆದರೆ ಊರಿಂದ ಬಂದ ಅವ್ವ ಅಪ್ಪ ಅಥವಾ ಸಣ್ಣ ಮಕ್ಕಳು ಮನೆಯಲ್ಲಿದ್ದರೆ ವಾರ್ನಿಂಗಿಗೇ ಹೊರಟುಬಿಡಿರಿ. 2018ರ ನವೆಂಬರ್ 8, ಬಲಿಪಾಡ್ಯಮಿಯ ದಿನ, ಪ್ಯಾರಡೈಸ್ ಪಟ್ಟಣ ಕೆಲವೇ ಗಂಟೆಗಳಲ್ಲಿ ಸುಟ್ಟುಹೋಯಿತು. 85 ಜನ ಸತ್ತರು. ಗುಡ್ಡದಿಂದ ಇಳಿಯುವ ರಸ್ತೆಗಳಲ್ಲಿ ಕಾರುಗಳು ಒಂದರ ಹಿಂದೆ ಒಂದು ಸಿಕ್ಕಿಬಿದ್ದಿದ್ದವು.

ಬೆಂಕಿ ದೂರವಿದ್ದರೂ ಹೊಗೆ ಬರುತ್ತದೆ. ಎಕ್ಯೂಐ (ಗಾಳಿ ಎಷ್ಟು ಕೆಟ್ಟಿದೆ ಎಂದು ಹೇಳುವ ಅಂಕಿ) 150 ದಾಟಿದರೆ ಕಿಟಕಿ ಮುಚ್ಚಿ ಒಳಗಿರಿ, ಹೊರಗೆ ಎನ್95 ಮಾಸ್ಕ್ ಹಾಕಿರಿ. ಕೈವಸ್ತ್ರ ಕಟ್ಟಿದರೆ ಹೊಗೆಯ ಕಣ ನಿಲ್ಲುವುದಿಲ್ಲ. ಬಾಡಿಗೆ ಮನೆಯಾದರೂ ನಿಮ್ಮ ಸಾಮಾನಿಗೆ ಬೇರೆ ವಿಮೆ ಬೇಕು, ಮಾಲೀಕರ ವಿಮೆ ನಿಮಗೆ ಬರುವುದಿಲ್ಲ.

ಒಂದು ಚೀಲ ಬಾಗಿಲ ಹತ್ತಿರ ಇರಲಿ: ಪಾಸ್‌ಪೋರ್ಟು, ವೀಸಾ ಕಾಗದ, ಅವ್ವನ ಬಿಪಿ ಗುಳಿಗೆ, ಅವಳ ಕನ್ನಡಕ. ನಮಗೆ ವಾರ್ನಿಂಗ್ ಬಂದ ರಾತ್ರಿ ಚೀಲ ತಯಾರಿತ್ತು, ಕಾರಿನ ಪೆಟ್ರೋಲ್ ಅರ್ಧಕ್ಕಿಂತ ಮೇಲಿತ್ತು. ಆದರೆ ಕರೆಂಟಿಲ್ಲದೆ ಗ್ಯಾರೇಜ್ ಬಾಗಿಲು ಮೇಲೇಳಲಿಲ್ಲ. ಗುಂಡಿ ಒತ್ತಿ ಒತ್ತಿ ನನ್ನ ಬೆರಳು ನಡುಗುತ್ತಿತ್ತು. ಅವ್ವ ಕಾರಿನೊಳಗೆ ಕೂತು ಶರಣಬಸವೇಶ್ವರನ ಹೆಸರು ಹೇಳುತ್ತಿದ್ದಳು. ಕಡೆಗೆ ಮೊಬೈಲ್ ಬೆಳಕಲ್ಲಿ ಮೇಲಿಂದ ಜೋತಾಡುವ ಕೆಂಪು ಹಿಡಿ ಕಂಡಿತು. ಅದನ್ನು ಎಳೆದರೆ ಬಾಗಿಲು ಕೈಯಿಂದ ಎತ್ತಲು ಬರುತ್ತದೆ. ಮನೆ ಸೇರಿದ ಮೊದಲ ವಾರವೇ ಮನೆಯವರೆಲ್ಲ ಒಂದೊಂದು ಸಲ ಅದನ್ನು ಎಳೆದು, ಬಾಗಿಲು ಎತ್ತಿ ನೋಡಿರಿ.