180ಕ್ಕೆ ಇಟ್ಟ ಓವನ್ ನಿಜವಾಗಿ ಎಷ್ಟು ಕಾದಿರುತ್ತದೆ: ಒಂದು ಥರ್ಮೋಸ್ಟಾಟ್ ರಿಪೇರಿಯ ಅನುಭವ

ಕಲಬುರಗಿಯ ಶರಣಬಸವೇಶ್ವರ ಜಾತ್ರೆಗೆ ಇನ್ನೂ ಹತ್ತು ದಿನವಿದ್ದಾಗ ಬ್ರಹ್ಮಪುರದ ಒಬ್ಬ ಅಕ್ಕ ನನ್ನ ರಿಪೇರಿ ಅಂಗಡಿಗೆ ಬಂದು, ಕಾಗದದ ಪೊಟ್ಟಣ ಬಿಚ್ಚಿ, ಮೇಜಿನ ಮೇಲೆ ನಾಲ್ಕು ಜೋಳದ ಬಿಸ್ಕೀಟುಗಳನ್ನು ಇಟ್ಟರು. ಎರಡರ ತಳ ಇದ್ದಿಲಿನಂತೆ ಕಪ್ಪಾಗಿತ್ತು. ಉಳಿದೆರಡು ಹಸಿ ಹಿಟ್ಟಿನ ಬಣ್ಣದಲ್ಲೇ ಉಳಿದಿದ್ದವು. “ನಾಲ್ಕೂ ಇವತ್ತಿನವೇ ಅವ ನೋಡ್ರಿ ಅಣ್ಣಾರ. ನಾಬ್ ನೂರಾ ಎಂಬತ್ತಕ್ಕ ಇಟ್ಟದ್ದು ಮುಟ್ಟಿಲ್ಲ. ಒಂದು ಟ್ರೇ ಹೊತ್ತತದ, ಮುಂದಿನ ಟ್ರೇ ಬೇಯೋದೇ ಇಲ್ಲ” ಎಂದರು. ಮನೆಯಲ್ಲೇ ಬಿಸ್ಕೀಟು ಮಾಡಿ ಅಂಗಡಿಗಳಿಗೆ ಕೊಡುವ ಅವರ ಓವನ್ ಸಿಂಗಲ್ ಫೇಸಿನದು, ಮೇಲೆ ಕೆಳಗೆ ಒಂದೊಂದು ಹೀಟರ್ ರಾಡ್, ಒಟ್ಟು 3000 ವ್ಯಾಟ್.

ಓವನ್ನಿನ ಮುಖ ನೋಡುವ ಮೊದಲೇ ನಾನು ಥರ್ಮೋಸ್ಟಾಟ್ ಕೆಟ್ಟಿದೆ ಎಂದು ತೀರ್ಮಾನಿಸಿಬಿಟ್ಟೆ. ಅದೇ ದಿನ ಅವರ ಮನೆಗೆ ಹೋಗಿ, ಹಳೆಯದನ್ನು ತೆಗೆದು, ಅದೇ ಅಳತೆಯ ಹೊಸದನ್ನು ಹಾಕಿ ಬಂದೆ. ಎರಡನೆಯ ದಿನ ಬೆಳಿಗ್ಗೆ ಅಕ್ಕ ಮತ್ತೆ ಪೊಟ್ಟಣ ಹಿಡಿದು ಬಂದಾಗ ಒಳಗೆ ಏನಿದೆಯೆಂದು ಬಿಚ್ಚಿ ನೋಡುವ ಅಗತ್ಯವೇ ಇರಲಿಲ್ಲ.

ನಾನು ಎಲ್ಲಿ ಎಡವಿದೆ ಎಂಬುದು ತಿಳಿಯಬೇಕಾದರೆ ಈ ಸಾಧನ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಹೇಳಬೇಕು. ಓವನ್ನಿನ ಥರ್ಮೋಸ್ಟಾಟ್ ಫ್ಯಾನಿನ ರೆಗ್ಯುಲೇಟರಿನಂತೆ ಹೀಟರಿನ ಬಲವನ್ನು ಹೆಚ್ಚು ಕಡಿಮೆ ಮಾಡುವುದಿಲ್ಲ. ಅದು ತಾನಾಗಿ ಹತ್ತಿ ಆರುವ ಒಂದು ಸ್ವಿಚ್, ಅಷ್ಟೇ. ನಾಬ್ 100ರಲ್ಲಿರಲಿ, 250ರಲ್ಲಿರಲಿ, ಹತ್ತಿದಾಗ ರಾಡ್ ಪೂರ್ಣ ಬಲದಿಂದಲೇ ಕಾಯುತ್ತದೆ, ಆರಿದಾಗ ಪೂರ್ತಿ ನಿಲ್ಲುತ್ತದೆ. ಆದ್ದರಿಂದ ಓವನ್ ಬೇಗ ಕಾಯಲಿ ಎಂದು ನಾಬನ್ನು ಕೊನೆಯವರೆಗೆ ತಿರುಗಿಸಿಟ್ಟರೆ ಒಂದು ನಿಮಿಷವೂ ಉಳಿಯುವುದಿಲ್ಲ. ಮರೆತರೆ ಬಿಸ್ಕೀಟು ಮಾತ್ರ ಹೊತ್ತುತ್ತದೆ.

ನಾಬಿನ ಹಿಂದಿರುವ ಡಬ್ಬಿಯಿಂದ ದಾರದಷ್ಟು ಸಣ್ಣದಾದ ಲೋಹದ ನಳಿಕೆಯೊಂದು ಹೊರಟು ಓವನ್ನಿನ ಒಳಕ್ಕೆ ಹೋಗುತ್ತದೆ, ಅದರ ತುದಿಯಲ್ಲಿ ಪೆನ್ಸಿಲಿಗಿಂತ ತೆಳ್ಳಗಿನ, ಬೆರಳುದ್ದದ ಕಡ್ಡಿಯೊಂದಿರುತ್ತದೆ. ನಾವು ಇದನ್ನು ಸೆನ್ಸರ್ ಕಡ್ಡಿ ಎನ್ನುತ್ತೇವೆ. ಕಡ್ಡಿ ಮತ್ತು ನಳಿಕೆಯ ತುಂಬ ಎಣ್ಣೆಯಂಥ ದ್ರವವಿದೆ. ಒಳಗಿನ ಗಾಳಿ ಕಾದಂತೆ ದ್ರವ ಹಿಗ್ಗಿ, ಡಬ್ಬಿಯಲ್ಲಿರುವ ತೆಳು ತಗಡಿನ ಬಿಲ್ಲೆಯನ್ನು ಒತ್ತುತ್ತದೆ. ಬಿಲ್ಲೆ ಉಬ್ಬಿ ಸ್ಪ್ರಿಂಗ್ ಪಟ್ಟಿಯನ್ನು ತಳ್ಳಿದಾಗ ‘ಟಕ್’ ಎಂದು ಸ್ವಿಚ್ಚಿನೊಳಗೆ ಕರೆಂಟ್ ದಾಟಿಸುವ ಪಾಯಿಂಟುಗಳು ಬೇರೆಯಾಗುತ್ತವೆ. ನಾಬ್ ತಿರುಗಿಸುವುದೆಂದರೆ ಆ ಬಿಲ್ಲೆ ಎಷ್ಟು ಉಬ್ಬಿದ ಮೇಲೆ ಪಟ್ಟಿ ಹಾರಬೇಕು ಎಂಬ ಅಂತರವನ್ನು ಸ್ಕ್ರೂವಿನಿಂದ ಬದಲಿಸುವುದು. ಪಾಯಿಂಟುಗಳು ನಿಧಾನವಾಗಿ ಸರಿದರೆ ನಡುವೆ ಕಿಡಿ ಎಳೆದುಕೊಂಡು ಸುಟ್ಟುಹೋಗುತ್ತವೆ. 3000 ವ್ಯಾಟ್ ಎಂದರೆ 230 ವೋಲ್ಟಿಗೆ ಸುಮಾರು 13 ಆಂಪಿಯರ್. ಆ ‘ಟಕ್’ ಇರುವುದೇ ಅದಕ್ಕಾಗಿ. ತೆಗೆದ ಹಳೆಯ ಡಬ್ಬಿಯನ್ನು ಕುತೂಹಲಕ್ಕೆ ಒಡೆದು ನೋಡಿದೆ: ಸಾಸಿವೆಕಾಳಿನಷ್ಟು ದೊಡ್ಡ ಬೆಳ್ಳಿ ಬಣ್ಣದ ಪಾಯಿಂಟಿನ ಮೇಲೆ ಕಪ್ಪು ಚುಕ್ಕೆಗಳಿದ್ದವು ನಿಜ, ಆದರೆ ಅದಿನ್ನೂ ಎರಡು ಮೂರು ವರ್ಷ ಬಾಳುವಂತಿತ್ತು.

ಮನೆಬಳಕೆಯ ಅನೇಕ ಸಣ್ಣ ಓವನ್ನುಗಳಲ್ಲಿ ಎಣ್ಣೆಯ ಬದಲು ಎರಡು ಲೋಹಗಳನ್ನು ಬೆಸೆದ ಪಟ್ಟಿ ಇರುತ್ತದೆ. ಒಂದು ಪಕ್ಕ ಹೆಚ್ಚು ಹಿಗ್ಗುತ್ತದೆ, ಇನ್ನೊಂದು ಹಿಗ್ಗುವುದು ಕಡಿಮೆ, ಹಾಗಾಗಿ ಪಟ್ಟಿ ಬಾಗಿ ಸ್ವಿಚ್ಚನ್ನು ಬಿಡಿಸುತ್ತದೆ. ಆದರೆ ಆ ಪಟ್ಟಿ ಸಾಮಾನ್ಯವಾಗಿ ನಾಬಿನ ಹಿಂದೆ, ಓವನ್ನಿನ ಗೋಡೆಯ ಹೊರಗಡೆ ಇರುವುದರಿಂದ ಅದಕ್ಕೆ ಗೊತ್ತಾಗುವುದು ಗೋಡೆಯ ಬಿಸಿಯೇ ಹೊರತು ಟ್ರೇಯ ಬಿಸಿಯಲ್ಲ.

ಅಕ್ಕನ ಓವನ್ನಿನ ಒಳಗೂ ಆಗಿದ್ದು ಹೆಚ್ಚು ಕಡಿಮೆ ಇದೇ. ಎರಡನೆಯ ಸಲ ಹೋದಾಗ ಊಹೆ ಬಿಟ್ಟು ಅಳತೆಗೆ ಕುಳಿತೆ. ತಂತಿಯ ತುದಿಯಲ್ಲಿ ತಾಪ ಓದುವ ಥರ್ಮೋಕಪಲ್ ಮೀಟರನ್ನು ತಂದು, ತಂತಿಯನ್ನು ಖಾಲಿ ಟ್ರೇಯ ನಡುವೆ ನಿಲ್ಲುವಂತೆ ಕಟ್ಟಿ, ಬಾಗಿಲು ಹಾಕಿ, ನಿಮಿಷಕ್ಕೊಮ್ಮೆ ಅಕ್ಕನ ಮಗಳ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದುಕೊಂಡೆ. ನಾಬ್ 180ರಲ್ಲಿದ್ದರೂ, ರಾಡ್ ಹತ್ತಿರುವುದನ್ನು ತೋರಿಸುವ ಕೆಂಪು ದೀಪ ಆರಿದ್ದು 214ರಲ್ಲಿ. ಆರಿದ ಮೇಲೂ ಕೆಂಪಗಿದ್ದ ರಾಡಿನ ಬಿಸಿಯಿಂದ 223ರವರೆಗೆ ಏರಿತು. ಬಳಿಕ ಇಳಿಯುತ್ತಾ ಇಳಿಯುತ್ತಾ 149ಕ್ಕೆ ಬಂದ ಮೇಲೆ ದೀಪ ಹತ್ತಿತು. ಏರುವಾಗ ಒಳಗೆ ಹೋದ ಟ್ರೇ ಹೊತ್ತುವುದರಲ್ಲಿ, ಇಳಿಯುವಾಗ ಹೋದದ್ದು ಹಸಿಯಾಗಿ ಉಳಿಯುವುದರಲ್ಲಿ ಏನೂ ಆಶ್ಚರ್ಯವಿರಲಿಲ್ಲ.

ಹತ್ತುವ ತಾಪಕ್ಕೂ ಆರುವ ತಾಪಕ್ಕೂ ನಡುವೆ ಸ್ವಲ್ಪ ಅಂತರ ಇರಲೇಬೇಕು, ಇಲ್ಲದಿದ್ದರೆ ಸ್ವಿಚ್ ಕ್ಷಣಕ್ಕೊಮ್ಮೆ ಹಾರುತ್ತಾ ಪಾಯಿಂಟುಗಳನ್ನು ಸವೆಸಿಬಿಡುತ್ತದೆ. ಆದರೆ ಅದು ಹತ್ತು ಹದಿನೈದು ಡಿಗ್ರಿ ಇರಬೇಕು, ಅರವತ್ತೈದಲ್ಲ. ಥರ್ಮೋಸ್ಟಾಟ್ ಹೊಸದಾಗಿದ್ದರೂ ಇಷ್ಟು ತೂಗಾಡುತ್ತಿದೆ ಎಂದರೆ ಸುದ್ದಿ ಅದಕ್ಕೆ ತಡವಾಗಿ ಮುಟ್ಟುತ್ತಿದೆ ಎಂದೇ ಅರ್ಥ.

ಓವನ್ ಆರಿಸಿ, ಪ್ಲಗ್ ಕಿತ್ತು, ತಣ್ಣಗಾದ ಮೇಲೆ ಟಾರ್ಚ್ ಹಿಡಿದು ಒಳಗೆ ತಲೆ ಹಾಕಿದೆ. ಪ್ಲಗ್ ಕೀಳುವುದನ್ನು ಒತ್ತಿ ಹೇಳಲು ಕಾರಣವಿದೆ: ಥರ್ಮೋಸ್ಟಾಟ್ ಕಡಿಯುವುದು ಒಂದೇ ತಂತಿಯನ್ನು, ಸಾಕೆಟ್ಟಿನಲ್ಲಿ ಫೇಸ್ ಮತ್ತು ನ್ಯೂಟ್ರಲ್ ಅದಲು ಬದಲಾಗಿದ್ದರೆ ದೀಪ ಆರಿದ ಮೇಲೂ ರಾಡಿಗೆ ಕರೆಂಟ್ ತಲುಪಿರುತ್ತದೆ. ಬಲಗೋಡೆಯಲ್ಲಿ ಕಡ್ಡಿಯನ್ನು ಹಿಡಿದಿರಬೇಕಾದ ಕ್ಲಿಪ್ಪಿನ ಜಾಗದಲ್ಲಿ ಮುರಿದ ತುಣುಕು ಮಾತ್ರ ಇತ್ತು. ಕಡ್ಡಿ ಬಂದ ತೂತಿನೊಳಗೇ ಹಿಂದೆ ಸರಿದು, ಮುಕ್ಕಾಲು ಭಾಗ ಗೋಡೆಯ ಆಚೆಯ ಗ್ಲಾಸ್ ವೂಲಿನಲ್ಲಿ ಹುದುಗಿತ್ತು. ಬಿಸಿ ಹೊರಹೋಗದಂತೆ ತಡೆಯಲೆಂದೇ ಇಟ್ಟ ಆ ಉಣ್ಣೆ ಕಡ್ಡಿಗೆ ಕಂಬಳಿಯಾಗಿತ್ತು: ಒಳಗೆ ಕಾದದ್ದೂ ಅದಕ್ಕೆ ತಡವಾಗಿ ತಿಳಿಯುತ್ತಿತ್ತು, ತಣ್ಣಗಾದದ್ದೂ ತಡವಾಗಿಯೇ. ಹಳೆಯ ಕಡ್ಡಿ ಎಲ್ಲಿತ್ತೋ ಹೊಸದನ್ನೂ ಅಲ್ಲೇ ತುರುಕಿ ಹೋಗಿದ್ದವನು ನಾನೇ.

ಸ್ಟೀಲ್ ಪಟ್ಟಿಯಿಂದ ಎರಡು ಕ್ಲಿಪ್ ಬಾಗಿಸಿ, ಕಡ್ಡಿ ಗೋಡೆಗೆ ತಾಗದೆ ಬೆರಳಗಲ ಈಚೆಗೆ ನಿಲ್ಲುವಂತೆ, ಮೇಲಿನ ರಾಡಿನ ಉರಿ ನೇರವಾಗಿ ಬೀಳದಷ್ಟು ಕೆಳಗೆ ಕೂರಿಸಿದೆ. ನಳಿಕೆಯನ್ನು ಚೂಪಾಗಿ ಮಡಿಸಬಾರದು. ಸೀಳಿದರೆ ದ್ರವ ಸೋರುತ್ತದೆ, ಸೋರಿದ ದ್ರವ ಹಿಗ್ಗಿ ಒತ್ತುವುದಿಲ್ಲ, ಆಗ ಥರ್ಮೋಸ್ಟಾಟಿನ ಲೆಕ್ಕದಲ್ಲಿ ಓವನ್ ಸದಾ ತಣ್ಣಗೇ ಇರುತ್ತದೆ, ರಾಡ್ ಆರುವುದೇ ಇಲ್ಲ. ಒಳ್ಳೆಯ ಓವನ್ನುಗಳಲ್ಲಿ ಇದಕ್ಕೆಂದೇ, ತಾಪ ಮಿತಿ ಮೀರಿದರೆ ಕರೆಂಟ್ ಕಡಿಯುವ ಎರಡನೆಯ ಕಟ್‌ಔಟ್ ಇರುತ್ತದೆ; ಇದರಲ್ಲಿರಲಿಲ್ಲ, ಹಾಕಿಕೊಟ್ಟೆ.

ನಳಿಕೆ ಸೋರಿದೆಯೋ ಇಲ್ಲವೋ ಎಂಬುದನ್ನು ನಾನು ಪಾತೇಲಿಯಲ್ಲಿ ನೀರು ಕುದಿಸಿ ಪರೀಕ್ಷಿಸುತ್ತೇನೆ. ಬಿಚ್ಚಿದ ಥರ್ಮೋಸ್ಟಾಟಿನ ನಾಬನ್ನು 80ಕ್ಕೆ ಇಟ್ಟು ಕಡ್ಡಿಯನ್ನು ಮುಳುಗಿಸಿದರೆ ‘ಟಕ್’ ಎನ್ನಬೇಕು, 120ಕ್ಕೆ ಇಟ್ಟರೆ ಎನ್ನಬಾರದು. ಕಲಬುರಗಿ ಸಮುದ್ರ ಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಕುದಿಯುವುದು 98.5 ಡಿಗ್ರಿಯ ಆಸುಪಾಸಿನಲ್ಲಿ. ಈ ಕೆಲಸಕ್ಕೆ ಆ ಒಂದೂವರೆ ಡಿಗ್ರಿ ಲೆಕ್ಕಕ್ಕಿಲ್ಲ.

ಮತ್ತೆ ಅಳೆದಾಗ ತಾಪ 171 ಮತ್ತು 188ರ ನಡುವೆ ಆಡುತ್ತಿತ್ತು. ಮೊದಲ ಸುತ್ತಿನಲ್ಲಿ ಮಾತ್ರ, ಗೋಡೆಗಳಿನ್ನೂ ತಣ್ಣಗಿರುವುದರಿಂದ, ಗಾಳಿ 200ರ ಹತ್ತಿರ ಹೋಗಿ ಬಂದಿತು. ಆದ್ದರಿಂದ ದೀಪ ಎರಡು ಸಲ ಆರಿ ಹತ್ತಿದ ಮೇಲೆಯೇ ಟ್ರೇ ಇಡಲು ಅಕ್ಕನಿಗೆ ಹೇಳಿದೆ. “ಸಂಜಿಗಿ ಲೈಟು ಮಂದ ಇರ್ತದಲ್ರಿ, ಆವಾಗ?” ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ವೋಲ್ಟೇಜ್ 190ಕ್ಕೆ ಇಳಿದರೆ 3000 ವ್ಯಾಟಿನ ರಾಡುಗಳು ಸುಮಾರು 2050 ವ್ಯಾಟಿಗೆ ಇಳಿಯುತ್ತವೆ, ಓವನ್ ಕಾಯಲು ಹೆಚ್ಚು ಹೊತ್ತು ಬೇಕು. ಆದರೆ ಥರ್ಮೋಸ್ಟಾಟ್ ನೋಡುವುದು ತಾಪವನ್ನೇ ಹೊರತು ಗಡಿಯಾರವನ್ನಲ್ಲ, ಹೆಚ್ಚು ಹೊತ್ತು ಹತ್ತಿದ್ದು ಅದೇ ತಾಪಕ್ಕೆ ಮುಟ್ಟಿಸುತ್ತದೆ.

ಜಾತ್ರೆ ಮುಗಿದು ಮೇ ತಿಂಗಳು ಬಂದಾಗ ಅವರು ಮತ್ತೆ ಫೋನ್ ಮಾಡಿದರು. ಈ ಸಲ ಎಲ್ಲ ಟ್ರೇಗಳೂ ಒಂದೇ ತೆರನಾಗಿ ಸ್ವಲ್ಪ ಬಿಳಿಚಿಕೊಳ್ಳುತ್ತಿದ್ದವು. ಹೊರಗೆ 42 ಡಿಗ್ರಿ ಬಿಸಿಲು, ಅಡುಗೆಮನೆಯಲ್ಲಿ ಅದಕ್ಕಿಂತ ಹೆಚ್ಚು. ನಾಬಿನ ಹಿಂದಿನ ಡಬ್ಬಿಯಲ್ಲೂ ಸ್ವಲ್ಪ ದ್ರವ ಇರುವುದರಿಂದ, ಡಬ್ಬಿಯೇ ಕಾದರೆ ಬಿಲ್ಲೆ ಮೊದಲೇ ಉಬ್ಬಿ ಸ್ವಿಚ್ ಬೇಗ ಹಾರಿಬಿಡುತ್ತದೆ. ಪಕ್ಕದ ಹಲಗೆ ಬಿಚ್ಚಿದೆ: ಗಾಳಿಯಾಡುವ ಸೀಳುಗಳೆಲ್ಲ ಜೋಳದ ಹಿಟ್ಟಿನಿಂದ ಗಾರೆ ಮೆತ್ತಿದಂತೆ ಮುಚ್ಚಿಹೋಗಿದ್ದವು. ಬ್ರಷ್ಷಿನಿಂದ ಕೆರೆದು ತೆಗೆದು ಅಳೆದಾಗ, ಕಡಿಮೆಯಾಗಿದ್ದ ಏಳು ಡಿಗ್ರಿ ಮರಳಿ ಬಂತು.